ಮಾವಿನ ತೋಪಿಗೆ ಗಳದ ಗರಗಸ: ಅದರ ಆಯ್ಕೆಯೂ ಅಪಾಯವಿಲ್ಲದ ಬಳಕೆಯೂ

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಬೇಸಾಯಕ್ಕೆ ನೆಚ್ಚತಕ್ಕ ಜೀವನದಿ ಒಂದೂ ಇಲ್ಲ. ಈ ಕಾರಣದಿಂದಲೇ ಇಲ್ಲಿಯ ಹಿರಿಯರು ನೀರನ್ನು ಹೆಚ್ಚಾಗಿ ಬೇಡದ ಮಾವು, ಹುಣಿಸೆ, ನೇರಳೆ, ಹೊಂಗೆಗಳನ್ನು ನೆಟ್ಟು ತೋಪುಗಳನ್ನು ಎಬ್ಬಿಸಿದರು. ಇವುಗಳಲ್ಲಿ ಮಾವಿಗೆ ದೊರೆತ ಪ್ರಾಶಸ್ತ್ಯವು ಮತ್ತಾವುದಕ್ಕೂ ದೊರೆತಿಲ್ಲ. ಶ್ರೀನಿವಾಸಪುರದ ಮಂಡಿಗಳಿಂದ ತೋತಾಪುರಿ, ಬಾದಾಮಿ, ರಸಪುರಿ, ನೀಲಂ, ಬೇನಿಷಾ ಮುಂತಾದ ಹಣ್ಣುಗಳು ದೂರದೂರದ ಊರುಗಳಿಗೆ ಹೋಗುತ್ತಿರುವುದು ಸರ್ವರಿಗೂ ತಿಳಿದ ವಿಷಯವೇ ಸರಿ.

ಆದರೆ ಈ ತೋಪುಗಳೊಳಗೆ ಕಾಲಿಟ್ಟು ನೋಡಿದರೆ ಕಾಣುವ ಸ್ಥಿತಿ ಬೇರೆ. ಮೂವತ್ತು ಮೂವತ್ತೈದು ಅಡಿ ಅಂತರದಲ್ಲಿ ನೆಟ್ಟ ಗಿಡಗಳು ನಲವತ್ತು ಐವತ್ತು ವರ್ಷಗಳಲ್ಲಿ ಅಷ್ಟೇ ಎತ್ತರಕ್ಕೆ ಬೆಳೆದು, ಒಂದರ ಕೊಂಬೆ ಮತ್ತೊಂದರೊಳಗೆ ಹೆಣೆದುಕೊಂಡಿರುವುವು. ಬಿಸಿಲು ಮರದ ನೆತ್ತಿಯಲ್ಲಿಯೇ ನಿಂತುಹೋಗುವುದರಿಂದ ಹಣ್ಣೂ ನೆತ್ತಿಯಲ್ಲಿಯೇ ಬಿಡುವುದು. ಕೆಳಗಿನ ಮುಕ್ಕಾಲು ಭಾಗ ಬರಿಯ ಕಟ್ಟಿಗೆ. ನೆರಳೂ ತೇವವೂ ಸೇರಿದ ಇಂಥ ಒಳಭಾಗವೇ ಜಿಗಿಹುಳುವಿಗೆ ತೌರುಮನೆ. ಸಾಲದುದಕ್ಕೆ, ಆರೈಕೆ ತಪ್ಪಿದ ತೋಪುಗಳಲ್ಲಿ ಬಂದಳಿಕೆಯು ಕೊಂಬೆಕೊಂಬೆಗೂ ಹತ್ತಿಕೊಂಡು ಮರದ ಸಾರವನ್ನು ಹೀರುತ್ತಿರುವುದು. ಕೊಂಬೆ ಸವರಿ ಬಿಸಿಲಿಗೆ ದಾರಿ ಮಾಡಬೇಕೆಂಬುದನ್ನು ಒಪ್ಪದ ತೋಪಿನ ಯಜಮಾನರು ಈಗ ವಿರಳ. ಸವರುವುದು ಹೇಗೆಂಬುದೇ ಪ್ರಶ್ನೆ.

ಈಗ ನಡೆದುಬಂದಿರುವ ಕ್ರಮವೆಂದರೆ ಒಬ್ಬ ಆಳನ್ನು ಬರಿಗಾಲಿನಲ್ಲಿ ಮಚ್ಚಿನೊಡನೆ ಮರ ಹತ್ತಿಸುವುದು. ಮಚ್ಚಿನ ಏಟಿಗೆ ಕೊಂಬೆ ಅರ್ಧ ಕಡಿದು ಅರ್ಧ ಸೀಳಿ, ತೊಗಟೆಯನ್ನು ಮೊಳದುದ್ದ ಕಿತ್ತುಕೊಂಡು ಬೀಳುವುದು. ಆ ಸೀಳಿನೊಳಗೆ ಮಳೆನೀರು ಇಳಿದು ಮರ ಕೊಳೆಯಲು ಮೊದಲಾಗುವುದು. ಮರದ ನಷ್ಟ ಹೀಗಿರಲಿ. ಕಾಲು ಜಾರಿ ಬಿದ್ದ ಆಳು ಸೊಂಟ ಮುರಿದುಕೊಂಡರೆ ಅವನ ಸಂಸಾರದ ಗತಿಯೇನು? ನೆಲದ ಮೇಲೆ ನಿಂತೇ ಎತ್ತರದ ಕೊಂಬೆಯನ್ನು ಕೊಯ್ಯಲು ಅನುಕೂಲವಾದ ಗಳದ ಗರಗಸವು ಈ ಎರಡು ಕೇಡುಗಳನ್ನೂ ಬಹುಮಟ್ಟಿಗೆ ತಪ್ಪಿಸುವುದು. ಅಂಗಡಿಗಳಲ್ಲಿ ಇದನ್ನು ‘ಪೋಲ್ ಸಾ’ ಎನ್ನುವರು. ಹಣ್ಣು ಕೀಳುವ ದೋಟಿಯ ತುದಿಗೆ ಬಾಗಿದ ಗರಗಸದ ಅಲಗನ್ನು ಕೂಡಿಸಿದಂತೆ ಇರುವುದು.

ಆದರೆ ಮರ ಹತ್ತುವ ಅಪಾಯವನ್ನು ತಪ್ಪಿಸುವ ಈ ಉಪಕರಣವೇ ಬೇರೊಂದು ಅಪಾಯವನ್ನು ಆಳಿನ ಕೈಗೆ ತಂದುಕೊಡುವುದು. ಅದು ವಿದ್ಯುತ್ ತಂತಿ. ಆದಕಾರಣ ಗರಗಸವನ್ನು ಕೊಳ್ಳಲು ಅಂಗಡಿಗೆ ಹೋಗುವ ಮೊದಲು, ತೋಪಿನೊಳಗೆ ತಲೆಯೆತ್ತಿಕೊಂಡು ಒಂದು ಸುತ್ತು ನಡೆದುಬರುವುದು ಯಜಮಾನರ ಮೊದಲನೆಯ ಕೆಲಸ.

ತಂತಿಯ ವಿಚಾರ

ಶಿವನಸಮುದ್ರದಿಂದ ತೊಂಬತ್ತು ಮೈಲಿಗೂ ಮೀರಿದ ತಂತಿಯನ್ನೆಳೆದು 1902ರಲ್ಲಿ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ತಂದದ್ದು ಈ ಕೋಲಾರ ಸೀಮೆಗೇ. ಈಗ ತಂತಿ ಹಾಯದ ಹೊಲವೇ ಅಪರೂಪ. ಸಾವಿರ, ಸಾವಿರದೈನೂರು ಅಡಿ ಆಳದ ಕೊಳವೆಬಾವಿಗಳಿಂದ ನೀರೆತ್ತಬೇಕಾಗಿರುವ ಕಾರಣ, ತೋಪಿನ ಬದಿಯಲ್ಲಿಯೋ ನಡುವಿನಲ್ಲಿಯೋ 11 ಕಿಲೋವೋಲ್ಟಿನ ತಂತಿ ಹಾದು, ಟಿ.ಸಿ.ಯಿಂದ ಮೋಟಾರಿನ ಮನೆಗೆ ಮೂರು ಫೇಸಿನ ತಂತಿ ಬಂದಿರುವುದು. ತಂತಿ ಎಳೆದ ಕಾಲದಲ್ಲಿ ಗಿಡಗಳು ಚಿಕ್ಕವು. ಈಗ ಕೊಂಬೆಗಳು ತಂತಿಯ ಮಟ್ಟಕ್ಕೆ ಏರಿ ಎಲೆಗಳ ಮರೆಯಲ್ಲಿ ತಂತಿಯೇ ಕಾಣದಂತಾಗಿರುವುದುಂಟು.

ಈ ವಿಷಯದಲ್ಲಿ ಮೂರು ತಪ್ಪು ನಂಬಿಕೆಗಳು ಹಳ್ಳಿಗಳಲ್ಲಿ ಬೇರೂರಿವೆ. ಮೊದಲನೆಯದು, “ಈಗ ಮೂರು ಫೇಸ್ ಇಲ್ಲ, ಭಯವಿಲ್ಲ” ಎಂಬುದು. ಪಂಪ್‌ಸೆಟ್ಟುಗಳಿಗೆ ಸರದಿಯ ಮೇಲೆ ವಿದ್ಯುತ್ ಬಿಡುವುದರಿಂದ ಮೋಟಾರು ನಿಂತಿರುವಾಗ ತಂತಿಯೂ ಸತ್ತಿದೆಯೆಂದು ಆಳುಗಳು ಎಣಿಸುವರು. ಮೋಟಾರು ನಿಂತಿದ್ದರೂ ತಂತಿಯಲ್ಲಿ ಒಂದು ಫೇಸ್ ಹರಿಯುತ್ತಿರಬಹುದು; ನಿಂತ ವಿದ್ಯುತ್ತು ಯಾವ ಗಳಿಗೆಯಲ್ಲಾದರೂ ಬರಬಹುದು. ಎರಡನೆಯದು, ಬಿದಿರಿನ ಗಳಕ್ಕೆ ವಿದ್ಯುತ್ ಹಿಡಿಯದೆಂಬುದು. ಹಸಿಯ ಬಿದಿರಿಗೂ ಮಳೆಯಲ್ಲಿ ನೆನೆದ ಬಿದಿರಿಗೂ ಈ ಮಾತು ಸಲ್ಲದು. ಗಾಜಿನ ನಾರಿನಿಂದ ಮಾಡಿದ ಫೈಬರ್ ಗಳವೂ ಒಣಗಿ ಶುಭ್ರವಾಗಿರುವಾಗ ಮಾತ್ರ ವಿದ್ಯುತ್ತನ್ನು ತಡೆಯತಕ್ಕದ್ದು. ಧೂಳೂ ತೇವವೂ ಹತ್ತಿದ ಗಳವನ್ನು ನಂಬಕೂಡದು. ಮೂರನೆಯದು, ತಂತಿಗೆ ತಗುಲಿದವನನ್ನು ಒಣ ಕೋಲಿನಿಂದ ತಳ್ಳಿ ಬಿಡಿಸಬಹುದೆಂಬುದು. ಮನೆಯೊಳಗಿನ ತಂತಿಯ ಮಟ್ಟಿಗೆ ಹೇಳುವ ಈ ಉಪಾಯವನ್ನು 11 ಕಿಲೋವೋಲ್ಟಿನ ತಂತಿಯ ಬಳಿ ಮಾಡಹೋದವನು ಎರಡನೆಯ ಹೆಣವಾಗುವನು.

ಅಡಿಕೆ ಸೀಮೆಯಲ್ಲಿ ಅಲ್ಯೂಮಿನಿಯಂ ದೋಟಿಗಳು ತಂತಿಗೆ ತಗುಲಿ ಪ್ರಾಣಹಾನಿಯಾದ ವರ್ತಮಾನಗಳು ವೃತ್ತಪತ್ರಿಕೆಗಳಲ್ಲಿ ಒಂದಲ್ಲ ಹಲವು ಬಾರಿ ಬಂದಿವೆ. ಆ ಸೀಮೆಯಲ್ಲಿ ಇತ್ತೀಚಿನ ವರ್ಷಗಳಲ್ಲಿ ಕಾರ್ಬನ್ ಫೈಬರ್ ದೋಟಿ ಪ್ರಚಾರಕ್ಕೆ ಬಂದು ಈ ಕಡೆಯ ಮಾರಾಟಗಾರರೂ ಅದನ್ನು ತೋರಿಸುತ್ತಿರುವರು. ಹಗುರದಲ್ಲಿ ಅದಕ್ಕೆ ಸಮಾನವಿಲ್ಲ, ನಿಜ. ಆದರೆ ಕಾರ್ಬನ್ ಸಹ ವಿದ್ಯುತ್ತನ್ನು ಹರಿಸುವ ವಸ್ತು. ಫೈಬರ್ ಎಂಬ ಹೆಸರಿಗೆ ಮರುಳಾಗಿ ಅದನ್ನು ಗಾಜಿನ ನಾರಿನ ಗಳವೆಂದು ಭಾವಿಸಿ ಕೊಳ್ಳಬಾರದು. ಅಂಗಡಿಯವರು ಕೂಡ ಎಷ್ಟೋ ವೇಳೆ ಈ ಭೇದವನ್ನು ಹೇಳುವುದಿಲ್ಲ.

ಯಾವ ಗಳವಾದರೂ ಆಗಲಿ, ಅದರ ತುದಿ, ಅದನ್ನು ಹಿಡಿದ ಆಳು, ಕೊಯ್ದ ಕೊಂಬೆ ಬೀಳುವ ದಾರಿ, ಇವುಗಳಲ್ಲಿ ಒಂದೂ ತಂತಿಯಿಂದ ಹತ್ತು ಅಡಿಯೊಳಗೆ ಬರಕೂಡದು. ಎಂಜಿನ್ನಿನ ಗರಗಸಗಳ ಕೈಪಿಡಿಗಳಲ್ಲಿ 15 ಮೀಟರ್, ಅಂದರೆ ಸುಮಾರು ಐವತ್ತು ಅಡಿ ದೂರವಿರಬೇಕೆಂದು ಬರೆದಿರುವುದನ್ನು ಕಾಣಬಹುದು. ತಂತಿಯ ಸಮೀಪದ ಮರಗಳಿಗೆ ಸುಣ್ಣದ ಪಟ್ಟೆ ಬಳಿಸಿ, ಅವನ್ನು ಈ ಕೆಲಸದಿಂದ ಹೊರಗಿಟ್ಟು, ಬೆಸ್ಕಾಂ ಶಾಖಾ ಕಚೇರಿಗೆ ಬರಹದಲ್ಲಿ ಅರ್ಜಿ ಕೊಡುವುದು ಕ್ರಮ. ಲೈನ್‌ಮನ್ ಬಂದು ತಂತಿಯನ್ನು ನಿಲ್ಲಿಸಿ ಭೂಸಂಪರ್ಕ ಕೊಟ್ಟ ಮೇಲೆ, ಅವನ ಎದುರಿನಲ್ಲಿಯೇ ಆ ಕೊಂಬೆಗಳನ್ನು ತೆಗೆಯಿಸಬೇಕು. ಪರಿಚಯದ ಲೈನ್‌ಮನ್ನನಿಗೆ ದೂರವಾಣಿಯಲ್ಲಿ ಹೇಳಿ ಫೀಡರ್ ನಿಲ್ಲಿಸಿಕೊಳ್ಳುವ ಅಭ್ಯಾಸವು ಅತ್ಯಂತ ಅಪಾಯಕರ. ನಿಲ್ಲಿಸಿದವನು ಒಬ್ಬ, ತಿಳಿಯದೆ ಮರಳಿ ಬಿಡುವವನು ಇನ್ನೊಬ್ಬ. ಅನಾಹುತ ಸಂಭವಿಸಿದರೆ ಯಾರೂ ಹತ್ತಿರ ಹೋಗದೆ 1912ಕ್ಕೆ ತಿಳಿಸಿ ತಂತಿಯನ್ನು ನಿಲ್ಲಿಸುವಂತೆ ಮಾಡಿಯೇ ಮುಂದಿನ ಶುಶ್ರೂಷೆಗೆ ಕೈಹಾಕಬೇಕು, ಆಂಬುಲೆನ್ಸಿಗೆ 108. ಈ ಎರಡು ಸಂಖ್ಯೆಗಳು ಕೆಲಸದ ಮೇಸ್ತ್ರಿಗೆ ಬಾಯಿಪಾಠವಾಗಿರಲಿ.

ಗಳ ಮತ್ತು ಅಲಗಿನ ಆಯ್ಕೆ

ಉದ್ದವಾದಷ್ಟೂ ಒಳ್ಳೆಯದೆಂದು ಹೆಚ್ಚಿನವರು ತಿಳಿದಿರುವರು. ಇದು ಸರಿಯಲ್ಲ. ಗಳ ಉದ್ದವಾದಂತೆ ಬಳುಕು ಹೆಚ್ಚುವುದು. ಬಳುಕುವ ಗಳದ ತುದಿಯಲ್ಲಿ ಅಲಗು ಕೊಯ್ಯದೆ ಕುಣಿಯುವುದು. ಹನ್ನೆರಡು ಅಡಿಯ ಗಳವನ್ನು ಎದೆಯ ಮಟ್ಟದಲ್ಲಿ, ಓರೆಯಾಗಿ ಹಿಡಿದರೆ ಸುಮಾರು ಹದಿನಾಲ್ಕು ಅಡಿಯ ಎತ್ತರದ ಕೊಂಬೆ ಸಿಕ್ಕುವುದು. ನೆಟ್ಟಗೆ ತಲೆಯ ಮೇಲೆ ಹಿಡಿದರೆ ಇನ್ನೂ ಎರಡು ಮೂರು ಅಡಿ ಸಿಕ್ಕೀತು, ಆದರೆ ಕೊಂಬೆಯೂ ತಲೆಯ ಮೇಲೆಯೇ ಬಿದ್ದೀತು. ಆರು ಅಡಿಗೆ ಮಡಿದು ಹನ್ನೆರಡು ಹದಿನಾಲ್ಕು ಅಡಿಗೆ ನಿಗುರುವ, ನಿಗುರಿಸಿದಲ್ಲಿ ಬಿಗಿಯಾಗಿ ನಿಲ್ಲುವ ಗಳವೇ ಸಾಮಾನ್ಯ ತೋಪಿಗೆ ತಕ್ಕದ್ದು. ಕೊಳ್ಳುವಾಗ ಪೂರ್ತಿ ನಿಗುರಿಸಿ ತುದಿಯನ್ನು ನೆಲಕ್ಕೆ ಒತ್ತಿ ನೋಡತಕ್ಕದ್ದು. ಕೀಲು ಜಾರಿದರೆ ಬೇಡವೆನ್ನಿರಿ. ತಂತಿ ಹತ್ತಿರವಿರುವ ತೋಪುಗಳೇ ಈ ಸೀಮೆಯಲ್ಲಿ ಹೆಚ್ಚಾದುದರಿಂದ ಅಲ್ಯೂಮಿನಿಯಂ ಗಳಕ್ಕಿಂತ ಗಾಜಿನ ನಾರಿನದು ಮೇಲು. ತೂಕ ತುಸು ಹೆಚ್ಚಾದರೂ ಚಿಂತೆಯಿಲ್ಲ. ಹಾಗೆಂದು ಮೇಲೆ ಹೇಳಿದ ಅಂತರವನ್ನು ಕಡಿಮೆ ಮಾಡಲಾಗದು.

ಕೊಳವೆಬಾವಿಯಿಂದ ಕಿತ್ತ ಹಳೆಯ ಜಿ.ಐ. ಪೈಪಿಗೆ ಮರಗೆಲಸದ ಗರಗಸವನ್ನು ವೆಲ್ಡಿಂಗ್ ಮಾಡಿಸಿ ಉಪಯೋಗಿಸುವುದು ಕೆಲವೆಡೆ ಉಂಟು. ಒಂದು ಅಂಗುಲದ ಪೈಪು ಹನ್ನೆರಡು ಅಡಿಗೆ ಎಂಟು ಒಂಬತ್ತು ಕಿಲೋ ತೂಗುವುದು. ಇದನ್ನು ಎತ್ತಿ ಹಿಡಿದವನ ತೋಳು ಕಾಲು ಗಂಟೆಯಲ್ಲಿ ಸೋಲುವುದು. ಸೋತ ತೋಳಿನಿಂದ ಕಬ್ಬಿಣದ ಗಳ ಯಾವ ಕಡೆಗೆ ವಾಲೀತೆಂದು ಹೇಳಬರುವುದಿಲ್ಲ. ಇಂಥ ಉಳಿತಾಯ ಯಾರಿಗೂ ಬೇಡ.

ಅಲಗು ಹನ್ನೆರಡರಿಂದ ಹದಿನೈದು ಅಂಗುಲ ಉದ್ದವಿದ್ದು ಕುಡುಗೋಲಿನಂತೆ ಬಾಗಿರಬೇಕು. ಹಲ್ಲುಗಳು ಹಿಡಿಯ ಕಡೆಗೆ ಮುಖ ಮಾಡಿದ್ದು, ಕೆಳಕ್ಕೆ ಎಳೆಯುವಾಗ ಕೊಯ್ಯುವಂತಿರಬೇಕು. ಆಗ ಗಳದ ತೂಕವೇ ಅರ್ಧ ಕೆಲಸ ಮಾಡುವುದು. ಹಸಿಯ ಕಟ್ಟಿಗೆಗೆ ದಪ್ಪ ಹಲ್ಲು, ಅಂಗುಲಕ್ಕೆ ಐದಾರರಂತೆ, ಸಾಕು. ಸಣ್ಣ ಹಲ್ಲಿನ ಸಂದಿಯಲ್ಲಿ ಸೊನೆ ತುಂಬಿ ಅಲಗು ಸಿಕ್ಕಿಕೊಳ್ಳುವುದು. ಅಲಗಿನ ಬುಡದಲ್ಲಿ ಒಂದು ಕೊಕ್ಕೆಯಿದ್ದರೆ ಕೊಯ್ದು ಸಿಕ್ಕಿಕೊಂಡ ಕೊಂಬೆಯನ್ನು ಎಳೆದುಹಾಕಲು ಅನುಕೂಲ. ಕೆಲವು ಅಲಗುಗಳ ಹಲ್ಲಿನ ತುದಿಯನ್ನು ಕಾಯಿಸಿ ಗಡುಸು ಮಾಡಿರುವರು. ಇವು ಬಹುಕಾಲ ಹರಿತವಾಗಿರುವುವು, ಆದರೆ ಅರಕ್ಕೆ ಬಗ್ಗುವುದಿಲ್ಲ. ಮೊಂಡಾದ ಮೇಲೆ ಅಲಗನ್ನೇ ಬದಲಾಯಿಸಬೇಕಾಗುವುದು. ಬಿಡಿ ಅಲಗು ಮುಂದೆಯೂ ಅದೇ ಅಂಗಡಿಯಲ್ಲಿ ದೊರೆಯುವುದೇ ಎಂದು ಕೇಳಿಕೊಂಡು ಕೊಳ್ಳುವುದು ಲೇಸು.

ಎಂಜಿನ್ನಿನಿಂದಾಗಲಿ ಬ್ಯಾಟರಿಯಿಂದಾಗಲಿ ನಡೆಯುವ ಸರಪಳಿಯ ಗರಗಸಗಳಿಗೆ ಬೆಲೆಯೂ ತೂಕವೂ ಹಲವು ಪಟ್ಟು. ಪೆಟ್ರೋಲಿನದು ಆರೇಳು ಕಿಲೋ ತೂಗುವುದು. ನೂರಾರು ಮರಗಳುಳ್ಳವರು, ಕಲಿತ ಆಳು ಇದ್ದಲ್ಲಿ ಮಾತ್ರ, ಇವನ್ನು ಕೊಳ್ಳುವುದು ಯುಕ್ತ. ಎಕರೆಗೆ ನಲವತ್ತು ಮರದಂತೆ ನಾಲ್ಕೈದು ಎಕರೆ ತೋಪಿರುವವರಿಗೆ ಕೈಗರಗಸವೇ ಸಾಕು. ಅದು ನಿಧಾನವಾಗಿ ಕೊಯ್ಯುವುದೂ ಒಂದು ಗುಣವೇ. ಎಂಜಿನ್ನು ಕೈಗೆ ಬಂದರೆ ಬೇಕಾದ ಕೊಂಬೆಯ ಜೊತೆಗೆ ಬೇಡದ ಕೊಂಬೆಯೂ ನೆಲ ಕಾಣುವುದನ್ನು ಬಹಳ ತೋಪುಗಳಲ್ಲಿ ನೋಡಬಹುದಾಗಿದೆ.

ಕೊಯ್ಯುವ ಕ್ರಮ

ನಾಲ್ಕು ಅಂಗುಲಕ್ಕಿಂತ ದಪ್ಪನಾದ ಕೊಂಬೆಯನ್ನು ಗಳದ ಗರಗಸದಿಂದ ಕೊಯ್ಯಹೋಗಬಾರದು. ನಾಲ್ಕು ಅಂಗುಲ ದಪ್ಪದ, ಹತ್ತು ಅಡಿ ಉದ್ದದ ಹಸಿಯ ಮಾವಿನ ಕೊಂಬೆ ಎಲೆ ಸಮೇತ ಇಪ್ಪತ್ತೈದು ಮೂವತ್ತು ಕಿಲೋ ತೂಗಬಲ್ಲುದು. ಇದು ಹದಿನಾಲ್ಕು ಅಡಿಯಿಂದ ಬಿದ್ದರೆ ಏನಾಗುವುದೆಂದು ವಿವರಿಸಬೇಕಾಗಿಲ್ಲ. ಇದಕ್ಕಿಂತ ದಪ್ಪನಾದುವನ್ನು ಹಗ್ಗ ಕಟ್ಟಿ ಇಳಿಸಲು ಬಲ್ಲವರಿಗೆ ಒಪ್ಪಿಸಬೇಕು.

ಆಳು ಕೊಂಬೆಯ ಅಡಿಯಲ್ಲಿ ನಿಲ್ಲದೆ ಪಕ್ಕಕ್ಕೆ ಸರಿದು, ಗಳವನ್ನು ಓರೆಯಾಗಿ ಹಿಡಿದು ನಿಲ್ಲತಕ್ಕದ್ದು. ಕೊಂಬೆ ಬೀಳುವ ಕಡೆಯನ್ನೂ ತಾನು ಹಿಂದೆ ಸರಿಯುವ ಕಡೆಯನ್ನೂ ಮೊದಲೇ ನೋಡಿಕೊಂಡು, ಕಾಲಿನ ಕೆಳಗಿನ ಕಲ್ಲು ಕಡ್ಡಿಗಳನ್ನು ತೆಗೆದುಹಾಕಬೇಕು. ಏಣಿಯ ಮೇಲೆ ನಿಂತು ಗಳದ ಗರಗಸವನ್ನು ಹಿಡಿಯುವುದು ಸರ್ವಥಾ ಕೂಡದು. ಒಬ್ಬನೇ ಆಳಿನಿಂದ ಈ ಕೆಲಸವನ್ನು ಮಾಡಿಸಕೂಡದು. ಕೊಯ್ಯುವವನ ಕಣ್ಣು ಅಲಗಿನ ಮೇಲಿರುವುದರಿಂದ, ತಂತಿ, ದನಕರು, ಮಕ್ಕಳು, ಸೌದೆಗೆಂದು ಓಡಿಬರುವ ಹೆಂಗಸರು, ಇವರನ್ನೆಲ್ಲ ನೋಡಿಕೊಳ್ಳಲು ಎರಡನೆಯವನು ಬೇಕೇ ಬೇಕು. ತಲೆಗೆ ಹೆಲ್ಮೆಟ್ಟೂ ಕಣ್ಣಿಗೆ ಕನ್ನಡಕವೂ ಇರಲಿ. ಮಾವಿನ ಸೊನೆ ಚರ್ಮವನ್ನು ಸುಡುವುದೆಂಬುದನ್ನು ಎಲ್ಲರೂ ಬಲ್ಲರು. ಅದು ಗರಗಸದ ಹೊಟ್ಟಿನೊಡನೆ ಕಣ್ಣಿಗೆ ಬಿದ್ದರೆ ವಾರಗಟ್ಟಲೆ ನರಳಬೇಕಾದೀತು. ಹೆಜ್ಜೇನು ಕಟ್ಟಿರುವ ಮರವನ್ನು ಆ ದಿನ ಬಿಟ್ಟುಬಿಡುವುದೇ ಜಾಣತನ.

ದೊಡ್ಡ ಕೊಂಬೆಯನ್ನು ಒಂದೇ ಬಾರಿಗೆ ಬುಡದಲ್ಲಿ ಕೊಯ್ಯದೆ, ತುದಿಯಿಂದ ತುಂಡುತುಂಡಾಗಿ ಇಳಿಸಿ ಭಾರವನ್ನು ಕಡಿಮೆ ಮಾಡಿಕೊಳ್ಳಬೇಕು. ಉಳಿದ ಭಾಗಕ್ಕೆ, ಕಾಂಡದಿಂದ ಒಂದೂವರೆ ಅಡಿ ಹೊರಗೆ, ಕೆಳಗಿನಿಂದ ಕಾಲು ಭಾಗದಷ್ಟು ಗಾಯ ಮಾಡಿ, ಅದಕ್ಕಿಂತ ಎರಡು ಮೂರು ಅಂಗುಲ ಹೊರಗೆ ಮೇಲಿನಿಂದ ಕೊಯ್ದರೆ ಕೊಂಬೆ ತೊಗಟೆಯನ್ನು ಸೀಳದೆ ಕಳಚಿ ಬೀಳುವುದು. ಕೆಳಗಿನ ಗಾಯ ಮಾಡುವಾಗ ಗಳದ ತೂಕ ಎದುರಾಗಿ ತ್ರಾಸವಾಗುವುದು ನಿಜ. ಆದರೂ ಇದನ್ನು ಬಿಡಕೂಡದು. ಕೊನೆಗೆ ಉಳಿದ ಮೋಟನ್ನು ಕೊಂಬೆಯ ಕೊರಳಿನ ಹೊರಗೆ ಕೊಯ್ಯಬೇಕು. ಕೊರಳೆಂದರೆ ಕೊಂಬೆಯು ಕಾಂಡವನ್ನು ಕೂಡುವಲ್ಲಿ ಉಂಗುರದಂತೆ ಕಾಣುವ ಉಬ್ಬು. ಗಾಯವನ್ನು ಮುಚ್ಚುವ ಶಕ್ತಿ ಇರುವುದು ಈ ಉಬ್ಬಿನಲ್ಲಿಯೇ. ಹಿಂದೆ ಕಾಂಡಕ್ಕೆ ಸಮನಾಗಿ ಸವರಬೇಕೆಂದು ತಜ್ಞರೇ ಬೋಧಿಸುತ್ತಿದ್ದರು. ಅಮೆರಿಕಾ ದೇಶದ ಅರಣ್ಯ ಸೇವೆಯ ವಿಜ್ಞಾನಿ ಅಲೆಕ್ಸ್ ಶೈಗೊ ಎಂಬವರು ಅಸಂಖ್ಯಾತ ಮರಗಳನ್ನು ಸೀಳಿ ಪರೀಕ್ಷಿಸಿ, ಹಾಗೆ ಮಾಡಿದರೆ ಕೊಳೆತವು ಕಾಂಡದೊಳಕ್ಕೆ ಇಳಿಯುವುದೆಂದು 1970 ಮತ್ತು 1980ರ ದಶಕಗಳಲ್ಲಿ ತೋರಿಸಿಕೊಟ್ಟ ಬಳಿಕ ಈ ಪದ್ಧತಿ ಬದಲಾಯಿತು. ಇನ್ನೊಂದು ಕಡೆ, ನಮ್ಮ ತೋಪುಗಳಲ್ಲಿ ಬಿಡುವಂತೆ ಗೇಣುದ್ದದ ಮೋಟನ್ನು ಬಿಡುವುದೂ ತಪ್ಪೇ. ಅದು ಒಣಗಿ ಕಾಂಡ ಕೊರೆಯುವ ಹುಳುವಿಗೆ ಬಾಗಿಲಾಗುವುದು.

ಬಂದಳಿಕೆಯನ್ನು ತೆಗೆಯುವುದರಲ್ಲಿ ಗಳದ ಗರಗಸಕ್ಕೆ ಸಾಟಿಯಿಲ್ಲ. ಬಂದಳಿಕೆಯನ್ನು ಮಾತ್ರ ಕಿತ್ತು ಬಿಸುಟರೆ ಕೊಂಬೆಯೊಳಗೆ ಉಳಿದ ಬೇರಿನ ಭಾಗವು ಮರಳಿ ಚಿಗುರುವುದು. ಗಂಟು ಕಟ್ಟಿರುವಲ್ಲಿಂದ ಕಾಂಡದ ಕಡೆಗೆ ಒಂದು ಅಡಿಯಾದರೂ ಸರಿದು, ಕೊಂಬೆಯನ್ನೇ ಕೊಯ್ದು ತೆಗೆಯಬೇಕು. ಅದರ ಹಣ್ಣನ್ನು ತಿಂದ ಸಣ್ಣ ಹಕ್ಕಿಗಳು ಅಂಟುಬೀಜವನ್ನು ಬೇರೆ ಕೊಂಬೆಗಳಿಗೆ ಒರಸುವುದರಿಂದ, ಹಣ್ಣಾಗುವ ಮೊದಲೇ ಈ ಕೆಲಸ ಮುಗಿಯಲಿ. ಒಬ್ಬರ ತೋಪು ಶುದ್ಧವಾಗಿದ್ದು ನೆರೆಯವರದು ಹಾಗಿಲ್ಲದಿದ್ದರೆ ಪ್ರಯೋಜನ ಅಷ್ಟಕ್ಕಷ್ಟೆ. ಊರಿನ ಮುಖಂಡರು ಇದನ್ನು ಊರೊಟ್ಟಿನ ಕೆಲಸವೆಂದು ಮಾಡಿಸಬೇಕಾದ ಕಾರಣ ಇದೇ.

ಕಾಲ ಮತ್ತು ಆರೈಕೆ

ಸವರುವ ಕಾಲವೆಂದರೆ ಕೊಯ್ಲು ಮುಗಿದ ಕೂಡಲೆ, ಜುಲೈ ಆಗಸ್ಟ್ ತಿಂಗಳುಗಳು. ಮಾವು ಹೂ ಬಿಡುವುದು ಬಲಿತ ಚಿಗುರಿನ ತುದಿಯಲ್ಲಿ. ದಸರೆಯ ತರುವಾಯ ಸವರಿದ ಮರವು ಡಿಸೆಂಬರಿನ ವೇಳೆಗೆ ಎಳೆಯ ಚಿಗುರಿನಲ್ಲಿಯೇ ಇದ್ದು ಆ ವರ್ಷದ ಹೂವನ್ನು ಕಳೆದುಕೊಳ್ಳುವುದು. ಆದರೆ ಆಷಾಢದ ಗಾಳಿ ಈ ಸೀಮೆಯಲ್ಲಿ ಜೋರು. ಗಾಳಿಯಲ್ಲಿ ಗಳವೂ ನಿಲ್ಲದು, ಕೊಂಬೆಯೂ ಎಣಿಸಿದ ಕಡೆಗೆ ಬೀಳದು. ಬೆಳಗಿನ ಹತ್ತು ಗಂಟೆಯೊಳಗಾಗಿ, ಗಾಳಿ ಏಳುವ ಮುನ್ನ, ಮಳೆಯಿಲ್ಲದ ದಿನ ನೋಡಿ ಕೆಲಸ ಮುಗಿಸಿಕೊಳ್ಳಬೇಕು.

ಮೊದಲು ಒಣಗಿದವು, ರೋಗದವು, ಬಂದಳಿಕೆ ಹತ್ತಿದವು; ಬಳಿಕ ಒಂದಕ್ಕೊಂದು ಉಜ್ಜುವವು; ಕೊನೆಗೆ ನಡುವಿನಲ್ಲಿ ನೆಟ್ಟಗೆ ಏರಿದ ಒಂದೆರಡು ಕೊಂಬೆ. ಒಂದು ವರ್ಷದಲ್ಲಿ ಮರದ ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚಾಗಿ ತೆಗೆಯದಿರುವುದು ಕ್ಷೇಮ. ಒಮ್ಮೆಗೇ ಬಿಸಿಲಿಗೆ ಬಿದ್ದ ಕಾಂಡದ ತೊಗಟೆ ಸುಡುವುದುಂಟು. ಅಲ್ಲಿಗೆ ಸುಣ್ಣ ಬಳಿಯಬೇಕು. ಗಾಯಗಳಿಗೆ ಬೋರ್ಡೋ ಮುಲಾಮು ಹಚ್ಚುವುದು. ಒಂದು ಕಿಲೋ ಮೈಲುತುತ್ತವನ್ನು ಐದು ಲೀಟರ್ ನೀರಿನಲ್ಲಿಯೂ, ಒಂದು ಕಿಲೋ ಸುಣ್ಣವನ್ನು ಇನ್ನೈದು ಲೀಟರಿನಲ್ಲಿಯೂ ಬೇರೆಬೇರೆ ಕರಗಿಸಿ ಕೂಡಿಸಿದರೆ ಇದು ಸಿದ್ಧ. ಕಬ್ಬಿಣದ ಪಾತ್ರೆ ಮಾತ್ರ ಬೇಡ. ಎತ್ತರದ ಗಾಯಕ್ಕೆ ಅದೇ ಗಳದ ತುದಿಗೆ ಅಲಗಿನ ಬದಲು ಕುಂಚ ಕಟ್ಟಿ ಹಚ್ಚಬಹುದು. ಮುಂದಿನ ತಿಂಗಳುಗಳಲ್ಲಿ ಕಾಂಡದ ಮೇಲೆ ಹೊಟ್ಟು ಉದುರುತ್ತಿರುವುದು ಕಂಡರೆ ಕೊರೆಯುವ ಹುಳು ಸೇರಿದೆಯೆಂದು ತಿಳಿದು ಕೂಡಲೆ ತೋಟಗಾರಿಕೆ ಇಲಾಖೆಯವರ ಸಲಹೆ ಪಡೆಯತಕ್ಕದ್ದು.

ಗುಂಡುತೋಪುಗಳೂ ರಸ್ತೆಯ ಸಾಲುಮರಗಳೂ ಖಾಸಗಿ ಸ್ವತ್ತಲ್ಲ. ಅವುಗಳ ಕೊಂಬೆಗೆ ಗರಗಸ ಇಡುವ ಮುನ್ನ ಪಂಚಾಯಿತಿಯ ಮತ್ತು ಅರಣ್ಯ ಇಲಾಖೆಯ ಅಪ್ಪಣೆ ಪಡೆಯಬೇಕು.

ಬೆಲೆ ಬಿದ್ದ ವರ್ಷ ತೋಪಿನ ಮೇಲೆ ಹಣ ಹಾಕಲು ಮನಸ್ಸು ಬಾರದೆಂಬುದು ಸಹಜ. 2025ರ ಜೂನ್ ತಿಂಗಳಿನಲ್ಲಿ ಚಿತ್ತೂರು ಜಿಲ್ಲಾಡಳಿತವು ಹೊರರಾಜ್ಯದ ತೋತಾಪುರಿಗೆ ತಡೆಯೊಡ್ಡಿದಾಗ ಈ ತಾಲ್ಲೂಕುಗಳ ಬೆಳೆಗಾರರು ಪಟ್ಟ ಪಾಡು ಇನ್ನೂ ಮರೆತಿಲ್ಲ. ಆದರೆ ಕೈಗರಗಸವೊಂದಕ್ಕೆ ತಗಲುವುದು ಕೆಲವು ಸಾವಿರ ರೂಪಾಯಿ. ಅದು ವರ್ಷದಲ್ಲಿ ಹತ್ತು ತಿಂಗಳು ಅಟ್ಟದ ಮೇಲೆಯೇ ಇರುವುದು. ನಾಲ್ಕಾರು ತೋಪಿನವರು ಕೂಡಿ ಒಂದನ್ನು ಕೊಂಡರೂ ಸಾಲುವುದು. ಹಾಲಿನ ಸಂಘದವರೇ ಕೊಂಡು ಬಾಡಿಗೆಗೆ ಕೊಡುವುದಾದರೂ ಸರಿಯೆ. ಹೆಲ್ಮೆಟ್ಟು ಕನ್ನಡಕಗಳು ಗರಗಸದ ಜೊತೆಗೇ ಹೋಗಿ ಜೊತೆಗೇ ಬರಲಿ. ಇಲ್ಲದಿದ್ದರೆ ಮೊದಲನೆಯ ಬಾಡಿಗೆಯಲ್ಲಿಯೇ ಅವು ಕಾಣೆಯಾಗುವುವು.

ಫಸಲನ್ನು ಗುತ್ತಿಗೆಗೆ ಕೊಡುವವರು ಇನ್ನೊಂದು ಅಂಶವನ್ನು ಗಮನಿಸಬೇಕು. ಹೂವಿನಲ್ಲಿಯೇ ತೋಪನ್ನು ಹಿಡಿದ ಗುತ್ತಿಗೆದಾರನು ಕೊನೆಯ ಕಾಯಿ ಇಳಿಸುವವರೆಗೂ ಬಿಡನು. ಅವನು ತಡ ಮಾಡಿದಷ್ಟೂ ಸವರುವ ಕಾಲ ಕಳೆಯುವುದು. ಆದುದರಿಂದ ಕರಾರು ಪತ್ರದಲ್ಲಿಯೇ ತೋಪನ್ನು ಬಿಟ್ಟುಕೊಡುವ ತಾರೀಖನ್ನು ಜುಲೈ ತಿಂಗಳೊಳಗೆ ಬರುವಂತೆ ನಮೂದಿಸಿಕೊಂಡು, ಬೆಸ್ಕಾಂಗೆ ಕೊಡಬೇಕಾದ ಅರ್ಜಿಯನ್ನು ಅದಕ್ಕೆ ಹದಿನೈದು ದಿನ ಮುಂಚಿತವಾಗಿ ಕೊಟ್ಟಿರತಕ್ಕದ್ದು. ಕೆಲಸ ಮುಗಿದ ದಿನವೇ ಅಲಗಿನ ಸೊನೆಯನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರಸಿ, ತೆಳುವಾಗಿ ಎಣ್ಣೆ ಸವರಿ, ಮೇಲೆ ಹೊದಿಕೆ ಹಾಕಿ, ಗಳವನ್ನು ಮಡಿಸಿ ಮಕ್ಕಳ ಕೈಗೆ ಎಟುಕದೆಡೆಯಲ್ಲಿ ತೂಗುಹಾಕಿಸಬೇಕು.